ದಯವಿಟ್ಟಣ್ಣ ರೈಲು ಹತ್ತಿದ ದಿನ

ಅಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ನೀರಿನ ಬಾಟಲಿ. ಅದು ಖಾಲಿಯಾಗಿರದಿದ್ದರೆ ದಯವಿಟ್ಟಣ್ಣ ರೈಲಿನಿಂದ ಇಳಿಯುತ್ತಿರಲಿಲ್ಲ. ಇಳಿಯದಿದ್ದರೆ ಸಂಜೆಯ ಹೊತ್ತಿಗೆ ಅವನಿಗೆ ಆ ಗತಿ ಬರುತ್ತಿರಲಿಲ್ಲ.

ದಯವಿಟ್ಟಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ರೈಲು ನಿಲ್ದಾಣದ ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆ, ಯಾವುದು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಜನಕ್ಕೆ ತಿಳಿಸುವುದು ಅವನ ಉದ್ಯೋಗ. 'ಪ್ರಯಾಣಿಕರು ದಯವಿಟ್ಟು ಗಮನಿಸಿ' ಎಂದು ಅವನು ಶುರು ಮಾಡಿದರೆ ಅಳುವ ಮಗು ಕೂಡ ಒಂದು ಗಳಿಗೆ ಬಾಯಿ ಮುಚ್ಚುತ್ತಿತ್ತು. ದನಿ ಅಂಥದ್ದು. ಗಾಡಿ ಅರ್ಧ ದಿನ ತಡ ಎಂದು ಹೇಳಿದರೂ, ಪಾಪ, ಎಷ್ಟು ಚೆನ್ನಾಗಿ ಹೇಳಿದ ಎಂದು ಜನ ಹಾಸಿಗೆ ಬಿಚ್ಚಿ ಮಲಗುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕೂತು ಉಪ್ಪು ಬೇಕಾದರೂ ಅದೇ ದನಿ, ಅದೇ ದಯವಿಟ್ಟು.

ಇಡೀ ಊರನ್ನು ದಿನಬೆಳಗಾದರೆ ಎಲ್ಲೆಲ್ಲಿಗೋ ಕಳಿಸುತ್ತಿದ್ದ ಈ ಮನುಷ್ಯ ತಾನು ಮಾತ್ರ ರೈಲು ಹತ್ತಿದವನಲ್ಲ. ಹೆಂಡತಿಗೆ ಒಂದೇ ಒಂದು ಆಸೆ ಇತ್ತು, ಸಮುದ್ರದ ನೀರಿನಲ್ಲಿ ಕಾಲಿಟ್ಟು ನಿಲ್ಲಬೇಕು. ಮದುವೆಯಾದ ಹೊಸದರಲ್ಲಿ ಹೇಳಿದ್ದಳು. ಆಗ ಅವನು ರಜೆಯ ನೂಕುನುಗ್ಗಲು ಮುಗಿಯಲಿ ಎಂದ. ಆಮೇಲೆ ಹೊಸ ವೇಳಾಪಟ್ಟಿ ರೂಢಿಯಾಗಲಿ ಎಂದ. ಆಮೇಲೆ ಮೈಕು ರಿಪೇರಿಗೆ ಬಂದಿದೆ, ಇಂಥ ಹೊತ್ತಿನಲ್ಲಿ ಹೇಗೆ ಬಿಟ್ಟು ಬರಲಿ ಎಂದ. ಮಕ್ಕಳು ದೊಡ್ಡವರಾಗಿ ಅವರವರ ಸಂಸಾರ ಕಟ್ಟಿಕೊಂಡರೂ ಸಮುದ್ರ ಮಾತ್ರ ಅಲ್ಲೇ ಉಳಿಯಿತು.

"ಸಮುದ್ರ ಏನು ಎದ್ದು ಓಡಿಹೋಗತ್ತಾ? ಮುಂದಿನ ಸಲ ನೋಡೋಣ" ಎಂದು ಮೊನ್ನೆಯೂ ಶುರು ಮಾಡಿದ್ದ.

"ಸಮುದ್ರ ಅಲ್ಲೇ ಇರತ್ತೆ. ನನ್ನ ಮಂಡಿಗಳು ಇರಲ್ಲ" ಎಂದಳು ಹೆಂಡತಿ. ಕೂಗಾಡಲಿಲ್ಲ, ಅಳಲಿಲ್ಲ, ಸುಮ್ಮನೆ ಹೇಳಿ ಪಾತ್ರೆ ತೊಳೆಯಲು ಹೋದಳು. ಅದೇ ಅವನಿಗೆ ತಾಗಿತು. ಮರುದಿನವೇ ರಜೆ ಬರೆದುಕೊಟ್ಟ. ಸ್ಟೇಷನ್ ಮಾಸ್ಟರ್ ಸಾಹೇಬರು ಎರಡು ಸಲ ಓದಿ, ಆರೋಗ್ಯ ಚೆನ್ನಾಗಿದೆ ತಾನೆ ಎಂದು ವಿಚಾರಿಸಿಕೊಂಡರು.

ಸುದ್ದಿ ಮೇಲಿನ ಮನೆಯ ಟೀಚರಮ್ಮನಿಗೆ ತಲುಪಲು ಹೊತ್ತು ಹಿಡಿಯಲಿಲ್ಲ. ಆಕೆ ಪ್ರತಿ ಬೇಸಿಗೆ ರಜೆಯಲ್ಲೂ ಪ್ರವಾಸ ಹೋಗುವವರು. ಹೋಗದವರನ್ನು ಕಂಡರೆ ಮರುಗುವವರು. ಹೊರಡುವ ದಿನ ಬೆಳಿಗ್ಗೆಯೇ ಇಳಿದು ಬಂದು, ಕಟ್ಟಿಟ್ಟ ಟ್ರಂಕನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಪ್ರಯಾಣದಲ್ಲಿ ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಕೆಟ್ಟೆವು ಎನ್ನುವುದು ಅವರ ಸಿದ್ಧಾಂತ. ಆದ್ದರಿಂದ ಟಿಕೆಟ್ಟುಗಳು ದಯವಿಟ್ಟಣ್ಣನ ಜೇಬಿಗೆ ಹೋದವು, ದುಡ್ಡು ಹೆಂಡತಿಯ ಕೈಚೀಲಕ್ಕೆ. ಇಬ್ಬರಿಗೂ ಸೇರಿ ಇದ್ದ ಒಂದು ಫೋನನ್ನು ಕಳ್ಳರ ಕೈಗೆ ಸಿಗದಂತೆ ಎರಡು ಟವೆಲ್ಲು, ಒಂದು ಹೊದಿಕೆ ಸುತ್ತಿ ಟ್ರಂಕಿನ ತಳಕ್ಕೆ ಇಳಿಸಿದರು. ಕಳ್ಳನಿಗಿರಲಿ, ಅದು ಅಲ್ಲಿ ಬಡಿದುಕೊಂಡರೆ ದೇವರಿಗೂ ಕೇಳಿಸುತ್ತಿರಲಿಲ್ಲ.

ರೈಲು ಮೂರನೇ ಪ್ಲಾಟ್‌ಫಾರಮ್ಮಿನಲ್ಲಿ ಸಿದ್ಧವಾಗಿ ನಿಂತಿತ್ತು. ದಯವಿಟ್ಟಣ್ಣ ಹೆಂಡತಿಯನ್ನು ಮೂರನೇ ಬೋಗಿಯ ಕಿಟಕಿಯ ಪಕ್ಕ ಕೂರಿಸಿದ, ಟ್ರಂಕನ್ನು ಸೀಟಿನಡಿ ತಳ್ಳಿದ. ಹೆಂಡತಿ ಕಿಟಕಿಯ ಸರಳನ್ನು ಸೆರಗಿನಿಂದ ಒರೆಸಿ, ಹೊಸ ಮನೆಗೆ ಬಂದವಳಂತೆ ಸುತ್ತಲೂ ನೋಡಿ ನಕ್ಕಳು. ಆ ನಗು ಕಂಡು ಅವನಿಗೆ ಸಂತೋಷವೂ ಆಯಿತು, ಇಷ್ಟು ವರ್ಷ ಯಾಕೆ ತಡ ಮಾಡಿದೆ ಎಂದು ನಾಚಿಕೆಯೂ ಆಯಿತು. ಆಗಲೇ ಬಾಟಲಿ ಖಾಲಿ ಇರುವುದು ಕಂಡಿತು. ಒಂದು ನಿಮಿಷ, ಹಿಡಿದು ತಂದೆ ಎಂದು ಇಳಿದ.

ನಲ್ಲಿ ತಿರುಗಿಸುತ್ತಿದ್ದಾಗ ತಲೆಯ ಮೇಲಿನ ಸ್ಪೀಕರು ಮಾತಾಡಿತು. ಅವನ ಬದಲಿಗೆ ಬಂದಿದ್ದ ಹೊಸ ಹುಡುಗಿ ಗಾಬರಿಯಲ್ಲಿ, ಸಮುದ್ರದ ಕಡೆಗೆ ಹೋಗುವ ಗಾಡಿ ಒಂದನೇ ಪ್ಲಾಟ್‌ಫಾರಮ್ಮಿನಿಂದ ಹೊರಡಲಿದೆ ಎಂದುಬಿಟ್ಟಳು. ಮೂರರಲ್ಲಿದ್ದ ಜನವೆಲ್ಲ ಮೂಟೆ ಹೊತ್ತು ಒಂದರ ಕಡೆಗೆ ಓಡಿತು. ಒಂದರಲ್ಲಿ ಗಾಡಿ ಇಲ್ಲ ಎಂದು ತಿಳಿದವರು ಮೂರರ ಕಡೆಗೆ ಓಡಿ ಬಂದರು. ಮೇಲ್ಸೇತುವೆಯ ಮೆಟ್ಟಿಲ ಮೇಲೆ ಎರಡು ಗುಂಪುಗಳೂ ಎದುರುಬದುರಾಗಿ ನಿಂತವು.

ದಯವಿಟ್ಟಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಸ್ಟೇಷನ್ನಿನಲ್ಲಿ ಹೀಗೊಂದು ತಪ್ಪೇ? ಬಾಟಲಿ ಹಿಡಿದೇ ಕೋಣೆಗೆ ನುಗ್ಗಿದ. ಹುಡುಗಿ ಕಣ್ಣೀರು ಹಾಕುವುದೊಂದು ಬಾಕಿ ಇತ್ತು. ಸ್ವಲ್ಪ ಸರಿಯಮ್ಮ ಎಂದು ಕುರ್ಚಿಯ ತುದಿಯಲ್ಲಿ ಕೂತ. ತುದಿಯಲ್ಲಿ ಕೂತವನು ಒಂದು ಘೋಷಣೆ ಮುಗಿಯುವ ಹೊತ್ತಿಗೆ ನಡುವಿಗೆ ಸರಿದಿದ್ದ. ತಪ್ಪನ್ನು ತಿದ್ದಿದ, ಮೆಟ್ಟಿಲ ಮೇಲಿನವರನ್ನು ಬಿಡಿಸಿದ, ವಯಸ್ಸಾದವರಿಗೆ ದಾರಿ ಬಿಡಿಸಿದ. ಕೊನೆಗೆ ಕೈಗಡಿಯಾರ ನೋಡಿಕೊಂಡು, ಸಮುದ್ರದ ಕಡೆಗೆ ಹೋಗುವ ಗಾಡಿ ಈಗ ಮೂರನೇ ಪ್ಲಾಟ್‌ಫಾರಮ್ಮಿನಿಂದ ಹೊರಡುತ್ತಿದೆ, ನಿಮ್ಮ ಪ್ರಯಾಣ ಸುಖಕರವಾಗಿರಲಿ ಎಂದು ತುಂಬು ಕೊರಳಿನಲ್ಲಿ ಹೇಳಿದ. ಇಷ್ಟು ವರ್ಷದ ಸರ್ವೀಸಿನಲ್ಲಿ ಅಷ್ಟು ಸೊಗಸಾಗಿ ಅವನು ಯಾವ ಗಾಡಿಯನ್ನೂ ಕಳಿಸಿರಲಿಲ್ಲ.

ಗಾಡಿಯೂ ಅಷ್ಟೇ ವಿಧೇಯವಾಗಿ ಹೊರಟಿತು. ಗಾಜಿನಾಚೆ ಬೋಗಿಗಳು ಸಾಲಾಗಿ ಸರಿದವು. ಮೂರನೆಯದರ ಕಿಟಕಿಯಿಂದ ಯಾರೋ ಹೆಂಗಸು ಜೋರಾಗಿ ಕೈ ಬೀಸುತ್ತಿದ್ದಳು. ಪಾಪ, ಮೊದಲ ಸಲ ಊರು ಬಿಡುತ್ತಿರಬೇಕು ಎಂದುಕೊಂಡು ದಯವಿಟ್ಟಣ್ಣನೂ ಕೈ ಬೀಸಿದ.

"ಸಾರ್, ನೀವೂ ಇದೇ ಗಾಡಿಗಲ್ವಾ?" ಎಂದಳು ಹುಡುಗಿ.

ಆಮೇಲೆ ಆ ಕೋಣೆಯಲ್ಲಿ ನಡೆದದ್ದನ್ನು ವಿವರಿಸುವುದು ಬೇಡ. ಸ್ಟೇಷನ್ ಮಾಸ್ಟರ್ ಬಂದರು, ತಲೆ ತಲೆ ಚಚ್ಚಿಕೊಂಡರು, ಟ್ರಂಕಿನ ತಳದ ಫೋನಿಗೆ ಮೇಲಿಂದ ಮೇಲೆ ಫೋನು ಮಾಡಿ ಸೋತರು. ಹೆಂಡತಿಯ ಹತ್ತಿರ ಟಿಕೆಟ್ಟಿಲ್ಲ. ಇಳಿಯಬೇಕಾದ ಊರಿನಲ್ಲಿ ಯಾವ ಲಾಡ್ಜು ಎಂಬುದೂ ಅವಳಿಗೆ ಗೊತ್ತಿಲ್ಲ. ಮನೆ ಮಾರ್ಕೆಟ್ಟು ಬಿಟ್ಟು ಎಲ್ಲಿಗೂ ಒಬ್ಬಳೇ ಹೋದವಳಲ್ಲ. ಅವಳು ಅಳುತ್ತಾ ಕೂತಿರುವ ಚಿತ್ರ ದಯವಿಟ್ಟಣ್ಣನ ಕಣ್ಣ ಮುಂದೆ ಬಂತು. ರೈಲು ಗುಡ್ಡ ಸುತ್ತಿ ಜಂಕ್ಷನ್ನಿಗೆ ಹೋಗುತ್ತದೆ, ರಸ್ತೆ ನೇರ ಹೋಗುತ್ತದೆ, ನಮ್ಮ ಪಾರ್ಸೆಲ್ ವ್ಯಾನು ಈಗ ಅಲ್ಲಿಗೇ ಹೊರಟಿದೆ, ಹತ್ತು ಎಂದು ಸಾಹೇಬರು ಅವನನ್ನು ಹಿಂದಕ್ಕೆ ತುರುಕಿ ಬಾಗಿಲು ಹಾಕಿದರು. ಒಂದು ಪಕ್ಕೆಗೆ ಸೈಕಲ್ಲಿನ ಹ್ಯಾಂಡಲ್ಲು ಚುಚ್ಚುತ್ತಿತ್ತು, ಇನ್ನೊಂದು ಪಕ್ಕೆಗೆ ಯಾರದೋ ಹೊಲಿಗೆ ಮೆಷಿನ್ನು. ಹೀಗೆ ದಯವಿಟ್ಟಣ್ಣನ ಪ್ರವಾಸ ಪ್ರಾರಂಭವಾಯಿತು.

ಜಂಕ್ಷನ್ನಿನಲ್ಲಿ ಇಳಿದು ಓಡಿ ಬಂದರೆ ಗಾಡಿ ಎದುರಿಗೇ ನಿಂತಿದೆ. ಎದುರಿಗೆ ಅಂದರೆ ಹಳಿಗಳ ಆಚೆ. ಮೇಲ್ಸೇತುವೆಗೆ ಬಣ್ಣ ಬಳಿಯುತ್ತಿದ್ದಾರೆಂದು ಹಗ್ಗ ಕಟ್ಟಿದ್ದರು; ರಸ್ತೆ ಸುತ್ತಿ ಬರುವಷ್ಟು ಹೊತ್ತಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹಳಿಗೆ ಧುಮುಕಿ ದಾಟಿಬಿಡುತ್ತಿದ್ದರು. ಆದರೆ ಹಳಿ ದಾಟುವುದು ಶಿಕ್ಷಾರ್ಹ ಅಪರಾಧ ಎಂದು ದಿನಕ್ಕೆ ಎಷ್ಟೋ ಸಲ ಹೇಳಿದ ಬಾಯಿ ಅವನದು. ಒಂದು ಕಾಲು ಮುಂದಿಟ್ಟ, ತನ್ನದೇ ದನಿ ಕಿವಿಯಲ್ಲಿ ಕೇಳಿಸಿತು, ಕಾಲು ಹಿಂದಕ್ಕೆ ಬಂತು.

ಆಚೆ ಮೂರನೇ ಬೋಗಿಯ ಕಿಟಕಿಯಲ್ಲಿ ಹೆಂಡತಿ ಕಾಣುತ್ತಿದ್ದಳು. ಸರಳಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಅತ್ತು ಅತ್ತು ಸುಸ್ತಾಗಿ ನಿದ್ದೆ ಹೋಗಿದ್ದಾಳೆ ಎಂದುಕೊಂಡ. ಚಪ್ಪಾಳೆ ತಟ್ಟಿದ, ಕೂಗಿದ. ಇಂಜಿನ್ನಿನ ಸದ್ದಿನಲ್ಲಿ ಮೈಕಿಲ್ಲದ ಅವನ ದನಿ ಪಕ್ಕದವರಿಗೂ ಕೇಳಿಸಲಿಲ್ಲ.

ಮೈಕು. ಜಂಕ್ಷನ್ನಿನ ಘೋಷಣೆ ಕೋಣೆ ಬೆನ್ನಿಗೇ ಇತ್ತು. ಅಲ್ಲಿದ್ದವನಿಗೆ ದಯವಿಟ್ಟಣ್ಣನ ಮುಖ ಗೊತ್ತಿರಲಿಲ್ಲ. ಬಾಯಿ ಬಿಟ್ಟ ಕೂಡಲೇ ದನಿ ಗೊತ್ತಾಗಿ, ಅಯ್ಯೋ ನೀವಾ ಅಣ್ಣಾ ಎಂದು ಎದ್ದು ಕುರ್ಚಿ ಬಿಟ್ಟುಕೊಟ್ಟ.

ಮೈಕಿನ ಮುಂದೆ ಕೂತ ಮೇಲೆ ಹೊಸ ಸಂಕಟ ಎದುರಾಯಿತು. ಮೈಕಿನಲ್ಲಿ ಸ್ವಂತ ಮನೆಯವರ ಹೆಸರು ಕೂಗಬಾರದು ಎಂಬ ಕಟ್ಟಳೆಯನ್ನು ಹೊಸಬರಿಗೆಲ್ಲ ಕಲಿಸಿದವನೇ ಅವನು. ಜೀವ ಹೋದರೂ ಅದನ್ನು ಮುರಿಯಲಾರ. ಗಾರ್ಡು ಬಾವುಟ ಎತ್ತುತ್ತಿದ್ದ. ದಯವಿಟ್ಟಣ್ಣ ಗಂಟಲು ಸರಿಮಾಡಿಕೊಂಡ.

"ಪ್ರಯಾಣಿಕರು ದಯವಿಟ್ಟು ಗಮನಿಸಿ. ಮೂರನೇ ಬೋಗಿಯಲ್ಲಿ ಕಿಟಕಿಯ ಪಕ್ಕ ಕುಳಿತು ಪತಿಗಾಗಿ ಕಾಯುತ್ತಿರುವ ಮಹಿಳೆಯು ದಯವಿಟ್ಟು ಈ ಕೂಡಲೇ ತಮ್ಮ ಸಾಮಾನುಗಳೊಂದಿಗೆ ಇಳಿಯಬೇಕು. ಪತಿಯು ಇಲ್ಲಿಗೆ ಬಂದಿದ್ದಾರೆ."

ಮೂರನೇ ಬೋಗಿಯಲ್ಲಿ ಗಡಿಬಿಡಿ ಎದ್ದದ್ದು ಇಲ್ಲಿಗೇ ಕಂಡಿತು. ಬಾಗಿಲಿನಿಂದ ಒಂದು ಚೀಲ ಇಳಿಯಿತು, ಹಿಂದೆಯೇ ಒಬ್ಬಳು ಹೆಂಗಸು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ, ಇಬ್ಬರು ಕೈ ಹಿಡಿದು ಇಳಿಸಿದ ಒಬ್ಬ ಅಜ್ಜಿ. ಗಾಡಿ ಹೊರಟಿತು. ಕಿಟಕಿಯಲ್ಲಿ ಕಣ್ಣು ಮುಚ್ಚಿದ್ದ ದಯವಿಟ್ಟಣ್ಣನ ಹೆಂಡತಿ ಹಾಗೇ ಸಮುದ್ರದ ಕಡೆಗೆ ಸಾಗಿಹೋದಳು.

ಆಗ ಅವನಿಗೆ ಹೊಳೆಯಿತು. ಮೈಕಿನಲ್ಲಿ ತನ್ನ ದನಿಯನ್ನು ಹೆಂಡತಿ ಕೇಳಿರುವುದು ಒಂದೇ ಸ್ಟೇಷನ್ನಿನಲ್ಲಿ. ನಿದ್ದೆಗಣ್ಣಿನಲ್ಲಿ ಅದು ಕಿವಿಗೆ ಬಿದ್ದು, ಗಾಡಿ ಇನ್ನೂ ನಮ್ಮೂರಲ್ಲೇ ಇದೆ, ಇವರು ಹತ್ತುತ್ತಾರೆ ಬಿಡು ಎಂದುಕೊಂಡು ಮಗ್ಗುಲು ಬದಲಿಸಿದ್ದಾಳೆ. ಹಣೆ ಹಣೆ ಬಡಿದುಕೊಂಡ.

ರಸ್ತೆ ಸುತ್ತಿ ಆಚೆ ಹೋದಾಗ ಮೂವರೂ ಗಂಡಂದಿರಿಗಾಗಿ ಅತ್ತಿತ್ತ ನೋಡುತ್ತ ನಿಂತಿದ್ದರು. ಮೊದಲಿನವಳು ನರ್ಸು, ಗಂಡ ಸಮುದ್ರದ ಊರಲ್ಲಿ ಸಿಗುತ್ತೇನೆಂದವನು ಇಲ್ಲಿಗೇ ಬಂದನೇನೋ ಎಂದು ಇಳಿದಿದ್ದಳು. ಎರಡನೆಯವಳು ಹೊಸದಾಗಿ ಮದುವೆಯಾದವಳು. ಟೀ ತರಲು ಇಳಿದ ಗಂಡನೇ ಕೂಗಿಸಿದ್ದಾನೆಂದು ಇವಳು ಈ ಬಾಗಿಲಿನಿಂದ ಇಳಿದಿದ್ದಳು, ಅವನು ಎರಡು ಲೋಟ ಹಿಡಿದು ಆ ಬಾಗಿಲಿನಿಂದ ಹತ್ತಿದ್ದ. ಅಜ್ಜಿಯ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮತ್ತೆ ನೀವ್ಯಾಕೆ ಇಳಿದಿರಿ ಎಂದು ಕೇಳಿದರೆ ಅಜ್ಜಿ ಸಂಕೋಚದಿಂದ ಸೆರಗು ಸರಿಮಾಡಿಕೊಂಡರು.

"ಅಷ್ಟು ಪ್ರೀತಿಯಿಂದ ಕರೆದ್ರಲ್ಲಪ್ಪ. ಯಾವುದಕ್ಕೂ ಇರಲಿ, ನೋಡೇಬಿಡೋಣ ಅಂತ ಇಳಿದೆ."

ದಯವಿಟ್ಟಣ್ಣನಿಗೆ ಕಣ್ಣು ತುಂಬಿ ಬಂತು. ಆದರೆ ನರ್ಸಮ್ಮನಿಗೆ ಹಾಗೇನೂ ಆಗಲಿಲ್ಲ. ವಾರ್ಡಿನಲ್ಲಿ ಔಷಧಿ ಉಗುಳಿದ ರೋಗಿಗಳನ್ನು ವಿಚಾರಿಸಿಕೊಳ್ಳುವ ದನಿಯಲ್ಲಿ, ಇಳಿಸಿದವರು ತಲುಪಿಸಬೇಕು ಎಂದು ತೀರ್ಪು ಕೊಟ್ಟಳು. ಜಂಕ್ಷನ್ನಿನವರು ಹಿಂದಿನಿಂದ ಬಂದ ಪ್ಯಾಸೆಂಜರ್ ಗಾಡಿಯಲ್ಲಿ ನಾಲ್ವರನ್ನೂ ಕೂರಿಸಿದರು. ದಾರಿಯುದ್ದಕ್ಕೂ ದಯವಿಟ್ಟಣ್ಣ ಅಜ್ಜಿಗೆ ನೀರು ತಂದ, ಅಳುತ್ತಿದ್ದ ಹೊಸ ಮದುಮಗಳನ್ನು ಸಮಾಧಾನ ಮಾಡಿದ, ನರ್ಸಮ್ಮನಿಂದ ಬೈಸಿಕೊಂಡ. ಇಷ್ಟರ ನಡುವೆಯೂ ಅವನ ಜೀವ ಒಬ್ಬಳ ಸುತ್ತಲೇ ಸುತ್ತುತ್ತಿತ್ತು. ಟಿಕೆಟ್ ಕಲೆಕ್ಟರ್ ಹಿಡಿದಿರಬಹುದೇ? ಇಳಿದವಳು ದಿಕ್ಕು ತೋಚದೆ ಎಲ್ಲಿ ಕೂತಿದ್ದಾಳೋ? ಸಿಕ್ಕರೆ ಸಾಕು, ಕಾಲು ಹಿಡಿದಾದರೂ ಮನೆಗೆ ಕರೆದುಕೊಂಡು ಹೋಗಿಬಿಡುತ್ತೇನೆ, ಈ ಪ್ರವಾಸದ ಸಹವಾಸ ಸಾಕು ಎಂದುಕೊಂಡ.

ಇಳಿಹೊತ್ತಿಗೆ ಗಾಡಿ ಸಮುದ್ರದ ಊರು ತಲುಪಿತು. ತಲೆಯ ಮೇಲೆ ಒಂದು ಚೀಲ, ಎರಡೂ ಕೈಯಲ್ಲಿ ಎರಡು, ಕಂಕುಳಲ್ಲಿ ಅಜ್ಜಿಯ ಹಾಸಿಗೆ ಸುರುಳಿ ಹೊತ್ತು, ಮೂವರು ಹೆಂಗಸರ ಹಿಂದೆ ದಯವಿಟ್ಟಣ್ಣ ಇಳಿದ. ಎದುರಿನ ಬೆಂಚಿನ ಮೇಲೆ ಅವನ ಹೆಂಡತಿ ಟ್ರಂಕಿನ ಮೇಲೆ ಕಾಲು ಚಾಚಿ ಟೀ ಕುಡಿಯುತ್ತಿದ್ದಳು. ಒಂದು ಪಕ್ಕದಲ್ಲಿ ಖಾಲಿ ಲೋಟಗಳೊಂದಿಗೆ ಹೊಸ ಮದುಮಗ, ಇನ್ನೊಂದು ಪಕ್ಕದಲ್ಲಿ ನರ್ಸಮ್ಮನ ಗಂಡ, ಎದುರಿಗೆ ನಿಂತು ನಗುತ್ತಿದ್ದವನು ಟಿಕೆಟ್ ಕಲೆಕ್ಟರ್. ಟಿಕೆಟ್ ಎಲ್ಲಿ ಎಂದು ಅವನು ಕೇಳಿದಾಗ, ಮೈಕಿನಲ್ಲಿ ಕೇಳಿಸಿತಲ್ಲ, ಆ ದನಿಯ ಜೇಬಿನಲ್ಲಿದೆ ಎಂದಿದ್ದಳಂತೆ. ಆಮೇಲೆ ಇಡೀ ಬೋಗಿ ಅವಳಿಗೆ ತಿಂಡಿ ತಿನ್ನಿಸಿತ್ತಂತೆ.

ಗಂಡ ಹೆಂಡಿರು ಜೋಡಿಯಾದರು, ನಗು ಎದ್ದಿತು, ನರ್ಸಮ್ಮ ಕೂಡ ತಣ್ಣಗಾದಳು. ಬೆಳಕು ಆರುವ ಮೊದಲು ಎಲ್ಲರೂ ಸೇರಿ ಸಮುದ್ರ ನೋಡಿ ಬರೋಣ ಎಂದು ಮಾತಾಯಿತು. ಸಾಮಾನು ಇಡುವ ಕೋಣೆಗೆ ಬೀಗ ಬಿದ್ದಿತ್ತು. ಎಲ್ಲರೂ ದಯವಿಟ್ಟಣ್ಣನ ಕಡೆಗೆ ನೋಡಿದರು.

ಅವನು ಹೆಂಡತಿಯನ್ನು ಪಕ್ಕಕ್ಕೆ ಕರೆದ. "ತಪ್ಪಾಯ್ತು ಕಣೇ. ಜಂಕ್ಷನ್ನಲ್ಲಿ ಅಷ್ಟು ಕೂಗಿದೆ. ನೀನು ಪಾಪ ನಿದ್ದೆಯಲ್ಲಿ ನಮ್ಮೂರೇ ಅಂದ್ಕೊಂಡಿರ್ತೀಯ."

"ಯಾರಿಗೆ ನಿದ್ದೆ?" ಎಂದಳು ಹೆಂಡತಿ. "ನೀವು ಓಡಿ ಬಂದಿದ್ದೂ ಕಂಡಿತ್ತು, ಮೈಕಲ್ಲಿ ಕೂಗಿದ್ದೂ ಒಂದೊಂದಕ್ಷರ ಕೇಳಿಸಿತ್ತು. ಇಳಿದಿದ್ರೆ ಅಲ್ಲಿಂದಲೇ ವಾಪಸ್ ಮನೆಗೆ ಕರ್ಕೊಂಡು ಹೋಗ್ತಿದ್ರಿ, ಹೌದೋ ಅಲ್ವೋ?"

ದಯವಿಟ್ಟಣ್ಣ ಅಜ್ಜಿಯ ಹಾಸಿಗೆ ಸುರುಳಿಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿದ.

"ನಾನು ಇಳಿಯದಿದ್ರೆ ನೀವೇ ಹಿಂದೆ ಬರ್ತೀರಿ ಅಂತ ಗೊತ್ತಿತ್ತು. ನಿಮ್ಮ ಮುಖ ನೋಡಿದ್ರೆ ಮನಸ್ಸು ಕರಗಿ ಇಳಿದುಬಿಡ್ತೀನಿ ಅಂತಲೇ ಕಣ್ಣು ಗಟ್ಟಿಯಾಗಿ ಮುಚ್ಕೊಂಡಿದ್ದೆ." ಅವನ ಭುಜದ ಮೇಲೆ ಜಂಕ್ಷನ್ನಿನ ಮೇಲ್ಸೇತುವೆಯಿಂದ ತೊಟ್ಟಿಕ್ಕಿದ್ದ ಬಣ್ಣದ ಕಲೆಯನ್ನು ಸೆರಗಿನಿಂದ ಒರೆಸಿ, ಚಪ್ಪಲಿ ಬಿಚ್ಚಿ ಅವನ ಕೈಗೆ ಕೊಟ್ಟಳು. "ಇದನ್ನೂ ನೋಡ್ಕೊಳ್ಳಿ. ಸ್ಟೇಷನ್ನಲ್ಲಿ ಕೂರೋದು ನಿಮಗೇನು ಹೊಸದಲ್ಲ. ಕತ್ತಲಾಗೋದ್ರೊಳಗೆ ಬರ್ತೀನಿ."

ಅಜ್ಜಿಯ ಕೈ ಹಿಡಿದುಕೊಂಡು ಬರಿಗಾಲಲ್ಲಿ ಅವಳು ಗೇಟು ದಾಟಿದಳು. ಅವಳ ಮಂಡಿಗಳು ಅಂದು ಚೆನ್ನಾಗಿಯೇ ನಡೆಯುತ್ತಿದ್ದವು. ದಯವಿಟ್ಟಣ್ಣ ಗಂಟುಮೂಟೆಗಳ ನಡುವೆ ಚಪ್ಪಲಿ ಹಿಡಿದು ಕೂತ. ಸ್ಟೇಷನ್ನಿನ ಗೋಡೆ ಎತ್ತರವಾಗಿತ್ತು. ಆಚೆಯಿಂದ ಅಲೆಗಳ ಸದ್ದು ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು.