ತಾತನ ವಿಮಾನಕ್ಕೆ ನಾಲ್ಕು ಕಾಲು

ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವವರಿಗೆ ನೆಂಟರ ಮನೆಗಳಿಂದ ಇಂಥ ಕೆಲಸ ಬರುತ್ತಲೇ ಇರುತ್ತದೆ. ಅಟ್ಟದಲ್ಲಿ ಹಳೇ ಚೊಂಬು ಸಿಕ್ಕಿದರೂ ಯಾವ ರಾಜರ ಕಾಲದ್ದು ಎಂದು ನನ್ನನ್ನೇ ಕೇಳುತ್ತಾರೆ.

ಈ ಸಲದ ಕೆಲಸ ಕೊಟ್ಟವರು ಶ್ರೀರಾಂಪುರದ ಸೋದರತ್ತೆ, ನಮ್ಮಪ್ಪನ ಅಕ್ಕ. ಎಂಬತ್ತು ದಾಟಿದೆ. ಅವರ ಅಪ್ಪ, ಅಂದರೆ ನನ್ನ ತಾತ, ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನ ಓಡಿಸಿದವರು. ಅತ್ತೆಯ ಯಜಮಾನರು, ನಮ್ಮ ಮಾವ, ಮದುವೆಯಾದಾಗಿನಿಂದ ಇದನ್ನು ನಂಬಿಲ್ಲ.

"ಸೈಕಲ್ಲೇ ಹತ್ತದೋರು ವಿಮಾನ ಹತ್ತಿದ್ರಂತೆ," ಎಂದು ಬೆಳಗಿನ ಕಾಫಿಗೊಮ್ಮೆ, ಸಂಜೆಯ ಕಾಫಿಗೊಮ್ಮೆ ಹೇಳುತ್ತಾರೆ.

ಮಾವನ ಅನುಮಾನಕ್ಕೆ ಕಾರಣವಿತ್ತು. ಯುದ್ಧದಿಂದ ಬಂದು ಗುಮಾಸ್ತರಾದ ತಾತ ಎಲ್ಲಿಗೂ ನಡೆದೇ ಹೋಗುತ್ತಿದ್ದರು. ಬಲ್ಬು ಬದಲಾಯಿಸಲು ಸ್ಟೂಲು ಹತ್ತುತ್ತಿದ್ದದ್ದು ಅಜ್ಜಿ. ಯುದ್ಧದ ಮಾತೆತ್ತಿದರೆ ತಾತ ಎದ್ದು ಗಿಡಗಳಿಗೆ ನೀರು ಹಾಕಲು ಹೋಗಿಬಿಡುತ್ತಿದ್ದರು.

"ನಾನು ಇರೋದ್ರೊಳಗೆ ಇವ್ರ ಬಾಯಿಂದ್ಲೇ ಹೌದು ಅನ್ನಿಸ್ಬೇಕು ಕಣೆ," ಎಂದರು ಅತ್ತೆ. "ನೀನು ಹಿಸ್ಟರಿ ತಾನೆ?"

ಹಿಸ್ಟರಿಯೇ. ಆದರೆ ನನ್ನ ಕ್ಲಾಸಿನ ಪಾಠದಲ್ಲಿ ಇನ್ನೂ ಆನೆ ಕುದುರೆಗಳ ಮೇಲೇ ಯುದ್ಧ ನಡೆಯುತ್ತಿತ್ತು.

ಕಣ್ಣಾರೆ ಕಂಡವರು

ಮೊದಲು ಚಾಮರಾಜಪುರಂನ ನೆಂಟರನ್ನು ವಿಚಾರಿಸಿದೆ. ದೊಡ್ಡಪ್ಪನ ಪ್ರಕಾರ ತಾತ ಹೊಡೆದುರುಳಿಸಿದ ವಿಮಾನಗಳಿಗೆ ಲೆಕ್ಕವಿಲ್ಲ. ನಾನು ಚಿಕ್ಕವಳಿದ್ದಾಗ ಎರಡೇ ಇದ್ದವು. ತಾತ ತೀರಿಕೊಂಡ ಮೇಲೆ ಜಾಸ್ತಿಯಾಗಿವೆ.

ತಾತನ ತಂಗಿಯೊಬ್ಬರು ಮಾತ್ರ ಕಣ್ಣಾರೆ ಕಂಡವರು.

"ನಮ್ಮನೆ ಮೇಲೇ ಹಾರಿಸ್ಕೊಂಡು ಹೋದ ಕಣಮ್ಮ. ಮಹಡಿ ಮೇಲೆ ಒಣಗಾಕಿದ್ದ ಹಪ್ಪಳ ಎಲ್ಲಾ ಪಕ್ಕದ ಮನೆಗೆ ಹೋಗ್ಬುಡ್ತು."

"ಅದು ತಾತನೇ ಅಂತ ಹೇಗೆ ಗೊತ್ತಾಯಿತು?"

"ಅವನಲ್ದೆ ಇನ್ಯಾರು? ಮನೇಲಿ ಒಂದ್ ಕೆಲ್ಸ ನೆಟ್ಟಗೆ ಮಾಡ್ತಿದ್ನಾ?"

ಮಹಾಯುದ್ಧದಲ್ಲಿ ನಮ್ಮ ಮನೆತನಕ್ಕಾದ ನಷ್ಟ ಅದೊಂದೇ. ಪಕ್ಕದ ಮನೆಯವರು ಹಪ್ಪಳ ಇನ್ನೂ ವಾಪಸ್ ಕೊಟ್ಟಿಲ್ಲ.

ಯಾವ ವಾರ್ಡು?

ಅತ್ತೆಯ ಹತ್ತಿರ ಇದ್ದ ಸಾಕ್ಷಿ ಅಂದರೆ ಗೋಡೆಯ ಮೇಲಿನ ಫೋಟೊ. ಸುತ್ತ ಮೋಡ, ಮಧ್ಯೆ ವಿಮಾನ, ಅದರೊಳಗಿಂದ ತಾತ ಕೈ ಬೀಸುತ್ತಿದ್ದಾರೆ. ಅಷ್ಟು ಎತ್ತರದಲ್ಲಿ ಈ ಫೋಟೊ ತೆಗೆದವರು ಯಾರು ಎಂದು ಯಾರೂ ಕೇಳಿರಲಿಲ್ಲ. ಮಾವ ಕೂಡ ಅದನ್ನು ಬಿಟ್ಟು ಸೈಕಲ್ಲನ್ನೇ ಹಿಡಿದುಕೊಂಡಿದ್ದರು.

ಜೆರಾಕ್ಸ್ ಅಂಗಡಿಗೆ ಒಯ್ದೆ. ಅಂಗಡಿಯವರೇ ಚೌಕಟ್ಟು ಬಿಚ್ಚಿ, ಸ್ಕ್ಯಾನ್ ಮಾಡಿ, ನಾನು ಕೇಳದಿದ್ದರೂ ಬಣ್ಣ ತುಂಬಿಸಿ, ತಾತನಿಗೆ ಒಳ್ಳೇ ಮೀಸೆಯನ್ನೂ ಇಟ್ಟಿದ್ದರು.

"ಫ್ಲೆಕ್ಸ್ ಎಷ್ಟು ಅಡಿ ಮಾಡ್ಲಿ ಮೇಡಂ?"

"ಫ್ಲೆಕ್ಸ್ ಯಾಕೆ?"

"ಕೈ ಬೀಸ್ತಾ ಅವ್ರಲ್ಲ, ಎಲೆಕ್ಷನ್‌ಗೆ ಅನ್ಕೊಂಡೆ. ವಿಮಾನದ ಗುರುತು ಸಿಕ್ಬುಡ್ತಾ? ಯಾವ ವಾರ್ಡು?"

ಮೇಟಗಳ್ಳಿಯಲ್ಲಿ ತಪಾಸಣೆ

ಮೇಟಗಳ್ಳಿಯಲ್ಲಿ ವಾಯುಪಡೆಯ ನಿವೃತ್ತ ಅಧಿಕಾರಿಯೊಬ್ಬರಿದ್ದಾರೆ. ಚೌಕಟ್ಟಿಲ್ಲದ ಫೋಟೊ ಅವರ ಮುಂದಿಟ್ಟೆ. ಬಹಳ ಹೊತ್ತು ನೋಡಿದರು.

"ಇದಕ್ಕೆ ಚಕ್ರ ಇಲ್ಲ."

"ಹಾರುತ್ತಿದೆಯಲ್ಲ ಸಾರ್, ಒಳಗೆ ಮಡಚಿಕೊಂಡಿರಬೇಕು."

"ಇರಬಹುದು," ಎಂದರು ಗಂಭೀರವಾಗಿ. "ಆದರೆ ಕಾಲು ಮಡಚಿಲ್ಲ."

ಬಗ್ಗಿ ನೋಡಿದೆ. ಇಷ್ಟು ವರ್ಷ ಚೌಕಟ್ಟು ಮುಚ್ಚಿಕೊಂಡಿದ್ದ ಕೆಳತುದಿಯಲ್ಲಿ, ವಿಮಾನದ ಹೊಟ್ಟೆಯ ಕೆಳಗೆ, ನಾಲ್ಕು ಕಾಲುಗಳಿದ್ದವು. ಎರಡು ದೊಡ್ಡವು, ಚಪ್ಪಲಿ ಹಾಕಿದ್ದವು. ಎರಡು ಚಿಕ್ಕವು, ಗೆಜ್ಜೆ ಕಟ್ಟಿದ್ದವು. ದಸರಾ ವಸ್ತುಪ್ರದರ್ಶನದ ಫೋಟೊ ಅಂಗಡಿಯ ರಟ್ಟಿನ ವಿಮಾನ!

ನನ್ನ ಜೀವವೇ ಹೋದಂತಾಯಿತು. ಮಾವನಿಗೆ ಗೊತ್ತಾದರೆ ಅತ್ತೆ ಇನ್ನು ತಲೆ ಎತ್ತುವ ಹಾಗಿಲ್ಲ.

"ಇಷ್ಟಕ್ಕೇ ಬಿಡಬೇಡಿ. ನನಗೆ ಗೊತ್ತಿರುವವರನ್ನು ಕೇಳುತ್ತೇನೆ," ಎಂದು ಅಧಿಕಾರಿ ಸಮಾಧಾನ ಮಾಡಿದರು. ಗೇಟಿನವರೆಗೂ ಬಂದು, "ಚಪ್ಪಲಿ ಹಾಕಿಕೊಂಡು ಹಾರುವುದು ನಿಯಮದಲ್ಲಿಲ್ಲ," ಎಂದೂ ಸೇರಿಸಿದರು.

ಬನಿಯನ್

ಕೊಟ್ಟ ಮಾತಿನಂತೆ ಅವರು ಹುಡುಕಿದರು. ತಾತನ ಜೊತೆ ಹಾರುತ್ತಿದ್ದ ಪೈಲಟ್ ಒಬ್ಬರ ಮನೆಯಿಂದ ಒಂದು ಫೋಟೊ ಬಂತು. ನಿಜವಾದ ವಿಮಾನ. ಅದರ ರೆಕ್ಕೆಗೆ ಒರಗಿ ನಾಲ್ಕೈದು ಜನ ಪೈಲಟ್‌ಗಳು. ಹಿಂಬದಿಯಲ್ಲಿ ಹೆಸರುಗಳು, ಅದರಲ್ಲಿ ತಾತನದೂ ಒಂದು. ತಾತನ ಮೈಮೇಲೆ ಚಡ್ಡಿ, ಬನಿಯನ್, ಗಡ್ಡಕ್ಕೆ ಹಚ್ಚಿದ ಸೋಪು. ಕಿವಿಗಳಂತೂ ನಮ್ಮ ಮನೆತನದವೇ.

ಖುಷಿಯಿಂದ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದೆ. ಅತ್ತೆ, ಮಾವ ಅದರಲ್ಲಿಲ್ಲ.

"ಇದು ತಾತ ಅಲ್ಲ," ಎಂದು ದೊಡ್ಡಪ್ಪ ಬರೆದರು. "ವಿಮಾನ ತೊಳೆಯೋರ ಥರ ಇದ್ದಾರೆ."

"ಹಿಂದೆ ಹೆಸರಿದೆಯಲ್ಲ ದೊಡ್ಡಪ್ಪ?"

"ಹೆಸರು ಯಾರು ಬೇಕಾದ್ರೂ ಬರೀಬಹುದು. ಅತ್ತೆ ಮನೇಲಿರೋದು ನೋಡು, ಅದು ಒರಿಜಿನಲ್ಲು."

ಹೌದು

ಎರಡೂ ಫೋಟೊ ಹಿಡಿದುಕೊಂಡು ಶ್ರೀರಾಂಪುರಕ್ಕೆ ಹೋದೆ. ಮಾವ ಪಡಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಅತ್ತೆಯನ್ನು ಅಡುಗೆಮನೆಗೆ ಕರೆದೊಯ್ದು, ಹಳೇ ಫೋಟೊ ಕೈಗಿಟ್ಟು ಮೆಲ್ಲಗೆ, "ಅತ್ತೆ, ಬೇಜಾರು ಮಾಡ್ಕೋಬೇಡಿ. ಇದರಲ್ಲಿ ಕಾಲುಗಳಿವೆ," ಎಂದೆ.

ಅತ್ತೆ ನೋಡಲೂ ಇಲ್ಲ. "ಗೆಜ್ಜೆದು ನಂದು," ಎಂದರು.

"ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ವಿಮಾನ ಓಡ್ಸಿ ತೋರ್ಸಪ್ಪ ಅಂತ ರಚ್ಚೆ ಹಿಡ್ದೆ. ಎಕ್ಸಿಬಿಷನ್‌ಗೆ ಕರ್ಕೊಂಡು ಹೋದ್ರು. ನಂಗೆ ಎತ್ತರ ಸಾಲ್ದೆ ತಲೆ ಬರ್ಲಿಲ್ಲ, ಕಾಲು ಮಾತ್ರ ಬಂತು. ಆ ಫೋಟೊದವ್ನು ಅಪ್ಪಂಗೆ, 'ಸ್ವಲ್ಪ ಪೈಲಟ್ ಥರ ಮುಖ ಮಾಡಿ ಸಾರ್, ನಿಮಗೆ ಬರ್ತಾನೇ ಇಲ್ಲ' ಅಂತ ಗದರಿದ."

"ತಾತ ಏನಂದರು?"

"ಆಗ್ಲಪ್ಪ ಅಂದ್ರು. ಅವ್ನು ಹೇಳ್ಕೊಟ್ಟ ಹಾಗೇ ಕೈ ಬೀಸಿದ್ರು."

ಸ್ಟೂಲೂ ಹತ್ತದ ಮನುಷ್ಯ ಮಗಳು ಕೇಳಿದಳೆಂದು ಮತ್ತೆ ವಿಮಾನ ಹತ್ತಿದ್ದರು. ನನಗೆ ಕಣ್ಣು ತುಂಬಿ ಬಂತು.

ಪಡಸಾಲೆಗೆ ಬಂದು ಬನಿಯನ್ ಫೋಟೊವನ್ನು ಮಾವನ ಕೈಗಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಅತ್ತೆ ಬಾಗಿಲು ಹಿಡಿದು ನಿಂತಿದ್ದರು.

"ನಿಮ್ಮಪ್ಪನೇ ಕಣೆ," ಎಂದರು ಮಾವ ಕೊನೆಗೆ. "ನಾನು ಹೆಣ್ಣು ನೋಡೋಕೆ ಬಂದಾಗ್ಲೂ ಹಿಂಗೇ ಬನಿಯನ್ನಲ್ಲಿ ಬಂದು ಕೂತಿದ್ರು."

"ವಿಮಾನ ಓಡಿಸ್ತಿದ್ರು ಅಂತ ಒಪ್ಕೊಂಡ್ರಾ?"

"ಹೌದು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಮಾವನಿಗೆ ಸುಮ್ಮನಿರಲು ಆಗಲಿಲ್ಲ.

"ಆದ್ರೆ ಇದ್ರಲ್ಲಿ ವಿಮಾನ ನಿಂತೇ ಇದೆಯಲ್ಲ?"

"ಹಾರೋದು ನೋಡ್ಬೇಕಾದ್ರೆ ಗೋಡೆ ಮೇಲಿಂದು ಇದೆಯಲ್ರೀ!" ಎಂದ ಅತ್ತೆ, ಹಳೇ ಫೋಟೊ ನನ್ನ ಕೈಗೆ ಕೊಟ್ಟು ಕಿವಿಯಲ್ಲಿ ಹೇಳಿದರು: "ಬೇಗ ಚೌಕಟ್ಟಿಗೆ ಹಾಕಮ್ಮ. ಕಾಲು ಕಾಣ್ದ ಹಾಗೆ."