ಏಳನೇ ನಂಬರ್ ಬಸ್ಸಿನಿಂದ ನಾನು ಇಳಿದದ್ದು

ದಿನಕ್ಕೊಮ್ಮೆಯಾದರೂ ನನ್ನ ಪಿತ್ತ ನೆತ್ತಿಗೇರದೆ ಸೂರ್ಯ ಮುಳುಗುವುದಿಲ್ಲ. ಅದಕ್ಕೆ ಕಾರಣ ನಮ್ಮ ಮೊಬೈಲ್ ಗ್ರೂಪ್. ಅದರ ಹೆಸರು 'ಏಳನೇ ನಂಬರ್ ಬಸ್ಸು'. ನಾವೆಲ್ಲ ಒಂದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಶಿವಾಜಿನಗರದಲ್ಲಿ ಹೊರಟು ಪುಲಿಕೇಶಿನಗರ, ಹಲಸೂರು, ಇಂದಿರಾನಗರ ಸುತ್ತಿಕೊಂಡು ಹೋಗುತ್ತಿದ್ದ ಕಾರ್ಖಾನೆ ಬಸ್ಸಿನಲ್ಲಿ ಮೂವತ್ತು ವರ್ಷ ಹರಟಿದವರು. ಅವರವರ ಸೀಟು ಅವರವರಿಗೆ. ಎಡಗಡೆ ಮೂರನೇ ಕಿಟಕಿ ನನ್ನದು. ಈಗ ಬಸ್ಸಿಲ್ಲ, ಹರಟೆ ಮಾತ್ರ ನಿಂತಿಲ್ಲ.

ಕೆಂಪು ಚುಕ್ಕೆ

ನಾನಿದ್ದದ್ದು ಇನ್‌ಸ್ಪೆಕ್ಷನ್ ವಿಭಾಗದಲ್ಲಿ. ಅಳತೆ ತಪ್ಪಿದ ಬಿಡಿಭಾಗ ಕೈಗೆ ಬಂದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದೇ ನನ್ನ ಕೆಲಸ. ಅಂಥವನು ಗ್ರೂಪಿನ ಸುಳ್ಳುಗಳನ್ನು ಹೇಗೆ ಸಹಿಸಲಿ? ಬೆಂಡೆಕಾಯಿ ನೆನೆಸಿದ ನೀರು ಕುಡಿದರೆ ಮಂಡಿನೋವು ಮೂರೇ ದಿನಕ್ಕೆ ಮಾಯ ಎಂದು ಯಾರೋ ಕಳಿಸಿದರು. ಅದರ ಕೆಳಗೆ ಒಂದು ಕೆಂಪು ಚುಕ್ಕೆ ಹಾಕಿದೆ. ಮರುದಿನ ಇನ್ನೊಂದು ಸುಳ್ಳು, ಇನ್ನೊಂದು ಚುಕ್ಕೆ. ಒಂದು ವಾರ ಬಿಡದೆ ಹಾಕಿದೆ.

ಎಂಟನೇ ದಿನ ನಾನೇ ಒಂದು ಸುದ್ದಿ ಹಾಕಿದೆ: "ನಾಳೆ ಕಾವೇರಿ ನೀರು ಬರುವುದಿಲ್ಲ. ಇವತ್ತೇ ಹಿಡಿದಿಟ್ಟುಕೊಳ್ಳಿ." ನೀರಿನ ಆಫೀಸಿಗೆ ಎರಡು ಸಲ ಫೋನ್ ಮಾಡಿ ಖಚಿತ ಮಾಡಿಕೊಂಡ ಸುದ್ದಿ ಅದು. ಹತ್ತು ನಿಮಿಷದಲ್ಲಿ ಅದರ ಕೆಳಗೆ ಹದಿನಾಲ್ಕು ಕೆಂಪು ಚುಕ್ಕೆ! ಮೈಯೆಲ್ಲ ಉರಿದುಹೋಯಿತು. ಗ್ರೂಪ್ ನಡೆಸುವ ಪುಲಿಕೇಶಿನಗರದ ಟೈಪಿಸ್ಟ್ ಮೇಡಂಗೆ ಫೋನ್ ಮಾಡಿ, "ನನ್ ಮಾತಲ್ಲಿ ಸುಳ್ಳೇನಿದೆ ಮೇಡಂ?" ಎಂದು ಕೇಳಿದೆ.

"ಅಯ್ಯೋ, ಸುಳ್ಳು ಅಂತ ಯಾರ್ ಹೇಳಿದ್ರು ಸಾರ್? ನೀವು ಓದಿದ್ಮೇಲೆ ತಪ್ಪದೆ ಒಂದು ಚುಕ್ಕೆ ಹಾಕ್ತೀರಲ್ಲ, ಎಷ್ಟು ಶಿಸ್ತು ಅಂತ ನಾವೂ ಶುರು ಮಾಡಿದ್ವಿ."

ರೋಡ್ ಪೂರ್ತಿ ಫ್ರೀ

ನನ್ನ ಹೆಂಡತಿಯ ಕಣ್ಣು ತೋರಿಸಲು ಪುಲಿಕೇಶಿನಗರಕ್ಕೆ ಹೋಗಬೇಕಿತ್ತು. ನಮ್ಮ ಮನೆ ಈಗ ಕೆ.ಆರ್. ಪುರದಲ್ಲಿ. ತೂಗುಸೇತುವೆಯ ಹತ್ತಿರ ಟ್ರಾಫಿಕ್ ಹೇಗಿದೆ ಎಂದು ಗ್ರೂಪಿನಲ್ಲಿ ಕೇಳಿದೆ. ಕೇಳಿದ್ದು ಅಷ್ಟೇ. ಯಾವ ಡಾಕ್ಟರು ಎಂದು ಒಬ್ಬರು, ಕ್ಯಾರೆಟ್ ಕೊಡಿ ಎಂದು ಇನ್ನೊಬ್ಬರು. ಆ ಕಡೆ ಹೋದರೆ ಮಸೀದಿ ರಸ್ತೆಯ ಸಮೋಸ ಬಿಡಬೇಡಿ ಎಂದು ಶಿವಾಜಿನಗರದ ವೆಲ್ಡರ್ ಸಾಹೇಬರು. ಸಮೋಸದಿಂದ ಮಾತು ಅಡುಗೆ ಎಣ್ಣೆಗೆ ಹೋಯಿತು, ಎಣ್ಣೆಯಿಂದ ಯಾರದೋ ಬೀಗರ ಹೃದಯಕ್ಕೆ ಹೋಯಿತು. ಕೊನೆಗೆ ಉತ್ತರ ಕೊಟ್ಟ ಪುಣ್ಯಾತ್ಮರು ಮಹದೇವಪುರದ ಲೇತ್ ಟರ್ನರ್ ಒಬ್ಬರೇ: "ರೋಡ್ ಪೂರ್ತಿ ಫ್ರೀ ಸಾರ್, ಹೊರಡಿ."

ಹೊರಟೆವು. ಸೇತುವೆಯ ಹತ್ತಿರ ಮುಕ್ಕಾಲು ಗಂಟೆ ನಮ್ಮ ಆಟೋ ಅಲ್ಲಾಡಲಿಲ್ಲ. ಶಪಿಸುತ್ತ ಪಕ್ಕಕ್ಕೆ ತಿರುಗಿ ನೋಡಿದರೆ, ಪಕ್ಕದ ಆಟೋದಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತಿದ್ದಾರೆ, ಅದೇ ಟರ್ನರ್!

"ಏನ್ರೀ ಇದು? ಫ್ರೀ ಅಂದ್ರಲ್ಲ!" ಎಂದು ಕೂಗಿದೆ.

"ಫ್ರೀನೇ ಇತ್ತು ಸಾರ್," ಎಂದರು ಅವರು. "ಗೇಟಿಂದ ಇಣುಕಿ ನೋಡೇ ಬರ್ದಿದ್ದು. ನಮ್ಮನೆ ಮುಂದೆ ಒಂದು ಸೈಕಲ್ಲೂ ಇರ್ಲಿಲ್ಲ."

ಹೆಬ್ಬೆರಳು

ನಮ್ಮ ಸ್ಟೋರ್‌ಕೀಪರ್ ತೀರಿಕೊಂಡಾಗ ಅವರ ಮಗ ತಂದೆಯ ಮೊಬೈಲಿನಿಂದಲೇ ಸುದ್ದಿ ಹಾಕಿದ. ಆಮೇಲೆ ಆ ನಂಬರನ್ನು ಗ್ರೂಪಿನಿಂದ ಹೊರಗೆ ತೆಗೆದ. ಅವರ ಹೆಸರಿನ ಮುಂದೆ 'ಲೆಫ್ಟ್' ಎಂದು ಬಂತು. ಮುಂದೆ ಇನ್ನಿಬ್ಬರು ಹೋದಾಗಲೂ ಮನೆಯವರು ಹಾಗೇ ಮಾಡಿದರು. ಬದುಕಿರುವವರು ಯಾರೂ ಈ ಗ್ರೂಪ್ ಬಿಟ್ಟ ಉದಾಹರಣೆಯೇ ಇರಲಿಲ್ಲ. ಇದನ್ನು ನಾನು ಆಗಲೇ ಗಮನಿಸಬೇಕಿತ್ತು. ಗಮನಿಸಲಿಲ್ಲ, ಯಾಕೆಂದರೆ ನನ್ನ ಕಣ್ಣು ಬೇರೆ ಕಡೆ ಇತ್ತು. ಸ್ಟೋರ್‌ಕೀಪರ್ ಸಾವಿನ ಸುದ್ದಿಯ ಕೆಳಗೆ ಆ ಟರ್ನರ್ ಹೆಬ್ಬೆರಳು ಎತ್ತಿ ಭೇಷ್ ಎಂದಿದ್ದರು!

"ಸಾವಿನ ಸುದ್ದಿಗೆ ಹೆಬ್ಬೆರಳು ಎತ್ತುತ್ತೀರಲ್ರೀ, ಮನುಷ್ಯರಾ ನೀವು?" ಎಂದು ಫೋನಿನಲ್ಲಿ ಜಾಡಿಸಿದೆ.

ಅವರು ಸಣ್ಣ ದನಿಯಲ್ಲಿ, "ಕನ್ನಡಕ ಸಿಗ್ಲಿಲ್ಲ ಸಾರ್. ಅವ್ರ ಹೆಸರು ಕಾಣಿಸ್ತು. ಅವ್ರು ಯಾವತ್ತೂ ಒಳ್ಳೇದೇ ಬರೀತಿದ್ರು" ಎಂದರು.

ಎಂಟು ಕುರ್ಚಿ

ಮೂವರು ಹೋದ ಮೇಲೆ ಉಳಿದವರ ಮುಖವನ್ನಾದರೂ ನೋಡೋಣ ಅನ್ನಿಸಿತು. "ಬರುವ ಭಾನುವಾರ ಹತ್ತು ಗಂಟೆಗೆ, ಹಲಸೂರಿನ ನಮ್ಮ ಹಳೇ ಹೋಟೆಲಿನಲ್ಲಿ ಸೇರೋಣ. ದಯವಿಟ್ಟು ಬನ್ನಿ" ಎಂದು ಬರೆದೆ. ಸೂಪರ್, ಒಳ್ಳೆ ಐಡಿಯಾ, ಚಪ್ಪಾಳೆ, ಹೂಗುಚ್ಛ, ಎಲ್ಲ ಬಂತು. ಏಳು ಜನರಾದರೂ ಬಂದಾರು ಎಂದು ಎರಡು ಮೇಜು ಕೂಡಿಸಿ ಎಂಟು ಕುರ್ಚಿ ಹಾಕಿಸಿ ಕೂತೆ.

ಹತ್ತೂವರೆಗೆ ಮಾಣಿ ಬಂದು, "ಸಾರ್, ಒಂದ್ ಕುರ್ಚಿ ತಗೊಳ್ಲಾ?" ಎಂದ. ಹನ್ನೊಂದಕ್ಕೆ ಮೂರು ಒಯ್ದ. ಹನ್ನೆರಡಕ್ಕೆ ಉಳಿದದ್ದು ನಾನು ಕೂತಿದ್ದ ಕುರ್ಚಿ ಒಂದೇ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಳು ಬಂತು. ಅಷ್ಟರಲ್ಲಿ ಮೊಬೈಲ್ ಟಿಣ್ ಎಂದಿತು. ವೆಲ್ಡರ್ ಸಾಹೇಬರು ಬರೆದಿದ್ದರು: "ಮೀಟಿಂಗ್ ಜೋರಾಗಿ ನಡೀತಿರ್ಬೇಕು. ಫೋಟೋ ಹಾಕಿ ಸಾಬ್!"

ಹಾರ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗ್ರೂಪಿನಿಂದ ಹೊರಗೆ ಬಂದೆ. ಇನ್ನು ನಿಮ್ಮ ಸಹವಾಸವೇ ಬೇಡ ಎಂದು ಮೊಬೈಲ್ ಆಫ್ ಮಾಡಿ, ಬೀರುವಿನಲ್ಲಿ ಹೆಂಡತಿಯ ರೇಷ್ಮೆ ಸೀರೆಗಳ ಕೆಳಗೆ ಹೂತಿಟ್ಟೆ.

ಹನ್ನೊಂದು ಗಂಟೆಗೆ ಲುಂಗಿ, ಬನಿಯನ್‌ನಲ್ಲಿ ಜಗಲಿಯ ಮೇಲೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದೆ. ಮನೆ ಮುಂದೆ ಒಂದು ವ್ಯಾನ್ ನಿಂತಿತು. ಮೊದಲು ಇಳಿದದ್ದು ಆಳೆತ್ತರದ ಸುಗಂಧರಾಜ ಹಾರ. ಹಿಂದೆಯೇ ಟರ್ನರ್, ವೆಲ್ಡರ್ ಸಾಹೇಬರು, ಮೂಗು ಒರೆಸುತ್ತ ಟೈಪಿಸ್ಟ್ ಮೇಡಂ, ಒಟ್ಟು ಹನ್ನೊಂದು ಜನ. ಟರ್ನರ್ ಆ ದಿನವೂ ಕನ್ನಡಕ ಹಾಕಿರಲಿಲ್ಲ. ನೇರ ನನ್ನ ಹತ್ತಿರ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ಕೇಳಿದರು: "ಎಷ್ಟ್ ಹೊತ್ತಿಗೆ ಎತ್ತುತ್ತಾರೆ?"

"ಯಾರನ್ನ?" ಎಂದೆ.

ಮೇಡಂ ಕಿಟಾರನೆ ಕಿರುಚಿದರು. "ಯಾ ಅಲ್ಲಾ, ಜಿಂದಾ ಹೈ!" ಎಂದು ಸಾಹೇಬರು ಹಾರದ ಸಮೇತ ಕಾಂಪೌಂಡಿಗೆ ಒರಗಿದರು.

"ಲೆಫ್ಟ್ ಅಂತ ಬಂತು ಸಾರ್," ಎಂದರು ಮೇಡಂ ಬಿಕ್ಕುತ್ತ. "ಫೋನೂ ಸ್ವಿಚ್ ಆಫ್. ಇನ್ನೇನ್ ಅಂದ್ಕೊಳ್ಳೋದು? ವ್ಯಾನಲ್ಲೂ ನಿಮ್ಮ ಕಿಟಕಿ ಸೀಟ್ ಖಾಲಿ ಬಿಟ್ಕೊಂಡೇ ಬಂದ್ವಿ."

ನನಗೆ ಸಿಟ್ಟು ಉಕ್ಕಿತು. "ಬದುಕಿದ್ದಾಗ ಕರೆದ್ರೆ ಒಬ್ಬರೂ ಬರ್ಲಿಲ್ಲ. ಈಗ ಸತ್ತಿದೀನಿ ಅಂತ ಎರಡು ಗಂಟೇಲಿ ವ್ಯಾನ್ ಮಾಡ್ಕೊಂಡು ಬಂದ್ಬಿಟ್ರಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಎಲ್ಲರೂ ತಲೆ ತಗ್ಗಿಸಿ ನಿಂತರು. ಒಳಗಿಂದ ಹೆಂಡತಿ, "ಬೈದಿದ್ದು ಸಾಕು, ಒಳಗ್ ಕರೀರಿ. ಉಪ್ಪಿಟ್ಟಿಗೆ ರವೆ ಹುರೀತಿದೀನಿ" ಎಂದಳು.

ಹಾರವನ್ನು ಗೇಟಿಗೆ ನೇತುಹಾಕಿ ಎಲ್ಲರೂ ಒಳಗೆ ಬಂದರು. ಮೂರು ಗಂಟೆಯವರೆಗೆ ಬಸ್ಸಿನಲ್ಲಿ ಕೂತಷ್ಟೇ ಗದ್ದಲ. ಹೊರಡುವಾಗ ಸಾಹೇಬರು, "ಒಬ್ರು ಲೆಫ್ಟ್ ಆದ್ರೇನೇ ನಾವ್ ಸೇರೋದು ಅಂತ ಗೊತ್ತಾಯ್ತಲ್ಲ. ಮುಂದಿನ್ ತಿಂಗ್ಳು ಯಾರ್ ಆಗ್ತೀರಾ, ಈಗ್ಲೇ ಹೇಳ್ಬಿಡಿ" ಎಂದರು.

ಟರ್ನರ್ ಕೈಯೆತ್ತಿದರು. "ನಾನ್ ಆಗ್ತೀನಿ. ಮಹದೇವಪುರಕ್ಕೆ ಬನ್ನಿ, ರೋಡ್ ಪೂರ್ತಿ ಫ್ರೀ."

ನಾನು ಬೀರುವಿನಿಂದ ಮೊಬೈಲ್ ತಂದು ಮೇಡಂ ಮುಂದೆ ಹಿಡಿದೆ. "ನನ್ನ ಈಗ್ಲೇ ಗ್ರೂಪಿಗೆ ವಾಪಸ್ ಸೇರ್ಸಿ," ಎಂದೆ. "ಇವ್ರ ಫ್ರೀ ರೋಡಿಗೆ ಒಂದು ಕೆಂಪು ಚುಕ್ಕೆ ಹಾಕೋದಿದೆ."