ಎಡಗಡೆ ಸ್ವಲ್ಪ ಕಡಿಮೆ

ನಾನು ನಿಂತಿದ್ದುದು ನಡುಮನೆಯಲ್ಲಿ, ಕಿಟಕಿಗೂ ಕಬ್ಬಿಣದ ಬೀರುವಿಗೂ ನಡುವೆ ಇದ್ದ ಇಕ್ಕಟ್ಟು ಜಾಗದಲ್ಲಿ. ಬಲಗೈ ಬೀರುವಿನ ಹಿಡಿಯ ಮೇಲಿತ್ತು. ಮನೆ ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ, ಮಾಲೀಕರ ಮನೆಯ ಹಿಂದಿದ್ದ ಬಾಡಿಗೆ ಭಾಗ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಂದು ಭಾನುವಾರ, ಸಂಜೆ; ತಿಂಡಿಯ ತಟ್ಟೆಗಳು ಬಂದಾಗಿತ್ತು, ಕಾಫಿ ಬಂದಿರಲಿಲ್ಲ. ಇಷ್ಟನ್ನು ನಾನು ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳಬಲ್ಲೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಮ್ಮ ಬಂಧುಗಳಲ್ಲಿ ಈ ಪ್ರಸಂಗವನ್ನು ಅಲ್ಲಿ ಇಲ್ಲದವರೇ ಬಹಳ ಚೆನ್ನಾಗಿ ಹೇಳುತ್ತಾರೆ. ಅವರು ಹೇಳುವಾಗ ನಾನು ಕುರ್ಚಿಯಿಂದ ಬೀಳುತ್ತೇನೆ, ಕಾಫಿ ಯಾರದೋ ಪಂಚೆಯ ಮೇಲೆ ಚೆಲ್ಲುತ್ತದೆ. ಯಾರೂ ಬೀಳಲಿಲ್ಲ, ಏನೂ ಚೆಲ್ಲಲಿಲ್ಲ. ಹಾಗೇನಾದರೂ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೈಯಾರೆ ಏನನ್ನಾದರೂ ಮಾಡುವ ಮನುಷ್ಯನಿಗೆ ಒಂದು ಕಾಯಿಲೆ ಇರುತ್ತದೆ. ಮಾಡಿದ್ದು ಕೆಲಸಕ್ಕೆ ಬಂದರೆ ಅವನಿಗೆ ಸಾಲದು. ಯಾರಾದರೂ ಅದನ್ನು ಕೈಗೆತ್ತಿಕೊಂಡು ಚೆನ್ನಾಗಿದೆ ಅನ್ನಬೇಕು. ಅಡಿಗೆ ಮಾಡುವವರಿಗೆ ದಿನಕ್ಕೆರಡು ಸಲ ಆ ಅವಕಾಶ ಸಿಗುತ್ತದೆ, ಸಿಗದಿದ್ದರೆ ಅವರು ಕೇಳಿಯೇ ಪಡೆಯುತ್ತಾರೆ. ನನ್ನದು ಹೆಡ್‌ಫೋನು. ಆ ಕಾಲದಲ್ಲಿ ನಮ್ಮ ಬೀದಿಯಲ್ಲಿ ಹೆಡ್‌ಫೋನು ಎಂದರೆ ವಿಮಾನ ಓಡಿಸುವವರು ಹಾಕಿಕೊಳ್ಳುವ ವಸ್ತು ಎಂದಷ್ಟೇ ಗೊತ್ತಿತ್ತು. "ನಿಮ್ಮ ಮಗ ಏನು ಮಾಡ್ತಾನೆ?" ಎಂದು ಯಾರಾದರೂ ಕೇಳಿದರೆ ಅಪ್ಪ, "ಕಾರ್ಖಾನೇಲಿ ಸ್ಟೋರ್ಸ್ ಕ್ಲರ್ಕು" ಎಂದು ಹೇಳಿ, ಸ್ವಲ್ಪ ಹೊತ್ತು ಬಿಟ್ಟು, "ಮನೇಲಿ ಡಬ್ಬ ಕುಟ್ತಾನೆ" ಎಂದು ಸೇರಿಸುತ್ತಿದ್ದರು.

ಡಬ್ಬ ಎಂದದ್ದು ಪೂರ್ತಿ ಸುಳ್ಳಲ್ಲ. ಭಾನುವಾರದ ಗುಜರಿ ಸಂತೆಯಲ್ಲಿ ಸೈನ್ಯದಿಂದ ಹೊರಬಿದ್ದ ಹಳೆಯ ಹೆಡ್‌ಫೋನುಗಳು ರಾಶಿಯಲ್ಲಿ ಸಿಗುತ್ತಿದ್ದವು. ಹೊರಗಿನದೆಲ್ಲ ತುಕ್ಕು, ಒಳಗೆ ಸದ್ದು ಹೊರಡಿಸುವ ಬಿಲ್ಲೆಗೆ ಮಾತ್ರ ಕೆಲವೊಮ್ಮೆ ಜೀವ ಇರುತ್ತಿತ್ತು. ಅಂಥ ಎರಡು ಬಿಲ್ಲೆಗಳನ್ನು ತಂದು, ಷೇವಿಂಗ್ ಸೋಪಿನ ಎರಡು ಪ್ಲಾಸ್ಟಿಕ್ ಬಟ್ಟಲುಗಳಲ್ಲಿ ಕೂರಿಸಿ, ಹಳೆಯ ಗೋಡೆ ಗಡಿಯಾರದ ಸ್ಪ್ರಿಂಗನ್ನು ಬಗ್ಗಿಸಿ ತಲೆಪಟ್ಟಿ ಮಾಡಿದೆ. ಧ್ವನಿ ಹೆಚ್ಚಿಸಲು ಮರದ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಆಂಪ್ಲಿಫೈಯರ್. ಬೆಸುಗೆ ಹಾಕುವಾಗ ಏಳುವ ಹೊಗೆಯ ವಾಸನೆ ತಡೆಯಲಾರದೆ ಅಮ್ಮ ವಾರದ ಏಳೂ ದಿನ ಸಾಂಬ್ರಾಣಿ ಹಾಕುತ್ತಿದ್ದಳು. ಇವರ ಮನೆಯಲ್ಲಿ ಬಹಳ ಮಡಿ ಎಂದು ಮಾಲೀಕರ ಹೆಂಡತಿ ಎಲ್ಲರಿಗೂ ಹೇಳಿಕೊಂಡು ಬಂದರು. ನನ್ನ ಹವ್ಯಾಸದಿಂದ ಮನೆಗೆ ಬಂದ ಒಂದೇ ಒಂದು ಗೌರವ ಅದು.

ಎಷ್ಟು ಮಾಡಿದರೂ ಒಂದು ತೊಂದರೆ ಉಳಿಯಿತು. ಬಟ್ಟಲಿನ ಅಂಚಿಗೂ ಕಿವಿಗೂ ನಡುವೆ ಸಂದು. ಅದರಿಂದ ಒಳಗಿನ ಸಂಗೀತ ಹೊರಗೆ ಹೋಗುತ್ತಿತ್ತು, ಹೊರಗಿನ ಕುಕ್ಕರಿನ ಸೀಟಿ ಒಳಗೆ ಬರುತ್ತಿತ್ತು. ಅದನ್ನು ಸರಿ ಮಾಡಿದವಳು ನನ್ನ ತಂಗಿ ವತ್ಸಲಾ. ಮಡಿವಾಳದಲ್ಲಿ ಆಟೋ ಸೀಟು ಹೊಲೆಯುವ ಅಂಗಡಿಯಿಂದ ನಾನು ತಂದಿದ್ದ ಕಪ್ಪು ರೆಕ್ಸಿನ್ ತುಂಡನ್ನು ಕತ್ತರಿಸಿ, ಹಳೆಯ ದಿಂಬಿನ ಬೂರುಗದ ಹತ್ತಿ ತುಂಬಿ, ಚಕ್ಕುಲಿಯಷ್ಟು ದುಂಡಗೆ ಎರಡು ಮೆತ್ತೆ ಹೊಲೆದುಕೊಟ್ಟಳು. ಹಾಕಿಕೊಂಡು ನೋಡಿದೆ. ಕುಕ್ಕರು, ಬೀದಿ, ಅಪ್ಪ, ಯಾವುದೂ ಇಲ್ಲ. ಬಾವಿಯೊಳಗೆ ಕೂತು ವೀಣೆ ಕೇಳಿದಂತಿತ್ತು. "ಹೇಗಿದೆಯೋ?" ಎಂದು ಅವಳು ಕೇಳಿರಬೇಕು. ನನಗೆ ಕೇಳಿಸಲಿಲ್ಲ. ನಾನೇನೋ ಹೇಳಿದ್ದಕ್ಕೆ ಅವಳು ನಕ್ಕು, ಮೆತ್ತೆಯನ್ನು ಸರಿಸಿ ಕಿವಿಯಲ್ಲಿ ಹೇಳಿದಳು: "ಅರಚಬೇಡ, ಮಾಲೀಕರು ಬರ್ತಾರೆ." ನಾನು ಪಿಸುಗುಟ್ಟಿದ್ದೇನೆ ಅಂದುಕೊಂಡಿದ್ದೆ. ಹೆಡ್‌ಫೋನಿನೊಳಗೆ ಇರುವವನಿಗೆ ತನ್ನ ಧ್ವನಿ ಎಷ್ಟಿದೆ ಎಂದು ತಿಳಿಯುವುದಿಲ್ಲ. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಆ ಭಾನುವಾರ ವತ್ಸಲಾಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು: ತಂದೆ, ತಾಯಿ, ಹುಡುಗ. ಅವಳನ್ನು ನೋಡಿ ಹೋದವರು ಅದಾಗಲೇ ಸಾಕಷ್ಟಿದ್ದರು. ಈ ಸಂಬಂಧವಾದರೂ ಕೂಡಲಿ ಎಂದು ಅಮ್ಮ ವಾರವಿಡೀ ನೀರು ಕುಡಿದರೂ ಹರಕೆ ಹೊತ್ತೇ ಕುಡಿಯುತ್ತಿದ್ದಳು. ವತ್ಸಲಾಳಿಗೂ ಮನಸ್ಸಿತ್ತು. ಹುಡುಗನ ಫೋಟೋವನ್ನು ಅವಳು ಎರಡು ಸಲ ಕೇಳಿ ಪಡೆದು ನೋಡಿದ್ದನ್ನು ನಾನು ಕಂಡಿದ್ದೆ. ಹಿಂದಿನವರ ಫೋಟೋಗಳನ್ನು ಅವಳು ನೋಡಿಯೇ ಇರಲಿಲ್ಲ.

ಆಗ ಹುಡುಗಿಯ ಕೈಕೆಲಸವನ್ನು ಬಂದವರಿಗೆ ತೋರಿಸುವ ಪದ್ಧತಿ ಇತ್ತು. ಮಣಿಯ ಹಂಸ ಬಂತು, ವೈರಿನ ಬುಟ್ಟಿ ಬಂತು, ಕ್ರಾಸ್ ಸ್ಟಿಚ್ಚಿನ ಗಿಳಿ ಬಂತು. ಗಂಡಿನ ತಂದೆ ಶಾಮಣ್ಣನವರು ಒಂದೊಂದನ್ನೂ ತಿರುಗಿಸಿ ಹಿಂಭಾಗ ನೋಡಿ ಕೆಳಗಿಟ್ಟರು. ಏನೂ ಹೇಳಲಿಲ್ಲ. ಆ ಮೌನಕ್ಕೆ ಹೆದರಿ ಅಪ್ಪ, ಜೀವಮಾನದಲ್ಲಿ ಮೊದಲ ಬಾರಿಗೆ, ನನ್ನ ಡಬ್ಬದ ನೆರವು ಕೇಳಿದರು.

"ಇದೊಂದು ನೋಡ್ಬೇಕು ನೀವು. ಹೆಡ್‌ಫೋನು. ನಮ್ಮ ಹುಡುಗ ಮಾಡಿದ್ದು. ಮೆತ್ತೆ ಪೂರ್ತಿ ವತ್ಸಲಾದೇ. ಒಂದು ಹೊಲಿಗೆ ಆಚೆ ಈಚೆ ಇಲ್ಲ."

"ಓಹೋ, ಕಿವಿಗೂ ದಿಂಬು!" ಎಂದರು ಶಾಮಣ್ಣನವರು. ಅವರ ಹೆಂಡತಿ ನಕ್ಕರು. ನಾನು ಬೀರು ತೆಗೆದು, ಪೆಟ್ಟಿಗೆಯನ್ನು ಟೇಪ್ ರೆಕಾರ್ಡರಿಗೆ ಜೋಡಿಸಿ, ವೀಣೆಯ ಕ್ಯಾಸೆಟ್ ಹಾಕಿ, ಅವರ ತಲೆಗೆ ನನ್ನ ಕೈಯಾರೆ ಹೆಡ್‌ಫೋನು ತೊಡಿಸಿದೆ. ಕಿರೀಟ ತೊಡಿಸುವವನಿಗೂ ಅಷ್ಟು ಭಯ ಇರಲಾರದು. ಮತ್ತೆ ಬಂದು ಬೀರುವಿನ ಪಕ್ಕ ನಿಂತೆ. ವತ್ಸಲಾ ಆ ಹೊತ್ತಿಗೆ ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು.

ಶಾಮಣ್ಣನವರು ಕಣ್ಣು ಮುಚ್ಚಿದರು, ತಲೆದೂಗಿದರು. ಆಮೇಲೆ ಹೆಂಡತಿಯ ಕಡೆ ಸ್ವಲ್ಪವೇ ವಾಲಿ, ಬಾಯಿಗೆ ಕೈ ಅಡ್ಡ ಹಿಡಿದು, ತಾವು ಪಿಸುಗುಟ್ಟುತ್ತಿದ್ದೇವೆಂಬ ಪೂರ್ತಿ ನಂಬಿಕೆಯಿಂದ, ಬಸ್ ಕಂಡಕ್ಟರನ ಧ್ವನಿಯಲ್ಲಿ ಹೇಳಿದರು:

"ಹುಡುಗಿ ಹಲ್ಲು ಮುಂದೆ ಕಣೇ. ಫೋಟೋದಲ್ಲಿ ಬಾಯಿ ಮುಚ್ಕೊಂಡಿದ್ಲು."

ಆಕೆ ಗಂಡನ ತೊಡೆಯನ್ನು ಒತ್ತಿ ಹಿಡಿದರು. ತನಗೆ ಕೇಳಿಸಲಿಲ್ಲ ಎಂದು ಹೆಂಡತಿ ಹೇಳುತ್ತಿದ್ದಾಳೆಂದು ತಿಳಿದು ಅವರು ಧ್ವನಿ ಏರಿಸಿದರು.

"ಹಲ್ಲು, ಹಲ್ಲು! ಮನೆನೂ ಬಾಡಿಗೇದು. ಅಣ್ಣನ್ನ ನೋಡು, ಇಷ್ಟೆತ್ತರ ಬೆಳ್ದು ಡಬ್ಬಕ್ಕೆ ದಿಂಬು ಕಟ್ಕೊಂಡು ಕೂತವ್ನೆ. ಆಗಲ್ಲ ಬಿಡು. ಕೇಸರಿಬಾತು ಚೆನ್ನಾಗಿದೆ, ತಿಂದ್ಬಿಟ್ಟು ಹೊರಡೋಣ. ಆಮೇಲೆ ಜಾತಕ ಕೂಡ್ಲಿಲ್ಲ ಅಂತ ಹೇಳಿ ಕಳಿಸಿದ್ರಾಯ್ತು."

ಆಕೆ ಈಗ ಎರಡೂ ಕೈ ಆಡಿಸಿದರು. "ಏನು, ಇನ್ನೊಂದು ಪ್ಲೇಟ್ ಬೇಕಾ? ಕೇಳು, ಸಂಕೋಚ ಯಾಕೆ?" ಎಂದರು ಅವರು.

ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಅಪ್ಪ ನೆಲದ ಕೆಂಪು ಗಾರೆಯನ್ನು ನೋಡುತ್ತಿದ್ದರು. ಅಮ್ಮನ ಸೆರಗು ಬಾಯಿಗೆ ಹೋಗಿತ್ತು. ಹುಡುಗ ಮಣಿಯ ಹಂಸವನ್ನು ಕೈಗೆತ್ತಿಕೊಂಡು ಅದರ ಕಣ್ಣನ್ನು ಬಹಳ ಗಮನವಿಟ್ಟು ಪರೀಕ್ಷಿಸುತ್ತಿದ್ದ. ಪೆಟ್ಟಿಗೆಯ ತಿರುಪು ನನ್ನಿಂದ ಒಂದು ಕೈಯಳತೆಯಲ್ಲಿತ್ತು. ತಿರುಗಿಸಿದ್ದರೆ ವೀಣೆ ನಿಲ್ಲುತ್ತಿತ್ತು, ಅವರು ಹೆಡ್‌ಫೋನು ತೆಗೆಯುತ್ತಿದ್ದರು. ನಾನು ತಿರುಗಿಸಲಿಲ್ಲ.

ವತ್ಸಲಾ ಬಾಗಿಲಿನಿಂದ ನಡೆದು ಬಂದಳು. ತಟ್ಟೆಯಲ್ಲಿನ ಲೋಟಗಳು ಸದ್ದು ಮಾಡಲಿಲ್ಲ. ಶಾಮಣ್ಣನವರ ಮುಂದೆ ಬಗ್ಗಿ, ಹಲ್ಲು ಚೆನ್ನಾಗಿ ಕಾಣುವಂತೆ ನಗುತ್ತಾ, ನಾಳೆಯ ಹವಾಮಾನ ಹೇಳುವವಳಂತೆ ಹೇಳಿದಳು:

"ಕಾಫಿ ತಗೊಳ್ಳಿ. ಜಾತಕದ ತೊಂದರೆ ತಗೋಬೇಡಿ. ನನ್ನ ಹಲ್ಲು ಮುಂದೆ ಇರೋದು ನಿಜ. ನಿಮ್ಮ ಮಗನಿಗೆ ಹಲ್ಲಿದೆಯೋ ಇಲ್ವೋ ಗೊತ್ತಾಗ್ಲಿಲ್ಲ, ಬಂದಾಗಿಂದ ಬಾಯೇ ಬಿಟ್ಟಿಲ್ಲ. ಈಗ್ಲೂ ಬಿಡ್ಲಿಲ್ಲ."

ಶಾಮಣ್ಣನವರು ಲೋಟ ತೆಗೆದುಕೊಂಡು ಸಂತೋಷದಿಂದ ತಲೆಯಾಡಿಸಿದರು. "ಭೇಷಾಗಿದೆಯಮ್ಮ! ಬಹಳ ಚೆನ್ನಾಗಿದೆ!" ಎಂದು ಕೂಗಿದರು.

ಅವಳು ಉಳಿದವರಿಗೂ ಕಾಫಿ ಕೊಟ್ಟಳು. ಹುಡುಗನಿಗೆ ಕೊಡುವಾಗ ಒಂದು ಕ್ಷಣ ನಿಂತಳು. ಅವನು ಹಂಸವನ್ನು ಇನ್ನೂ ಬಿಟ್ಟಿರಲಿಲ್ಲ. ಅವಳು ಲೋಟವನ್ನು ಅವನ ಪಕ್ಕದಲ್ಲಿಟ್ಟು ಒಳಗೆ ಹೋದಳು.

ಇದರ ನಂತರ ನಡೆದದ್ದನ್ನು ನಮ್ಮ ಬಂಧುಗಳು ಯಾರೂ ಹೇಳುವುದಿಲ್ಲ, ಏಕೆಂದರೆ ಅವರಿಗೆ ಗೊತ್ತಿಲ್ಲ. ಕ್ಯಾಸೆಟ್ ಮುಗಿದು ಶಾಮಣ್ಣನವರು ಹೆಡ್‌ಫೋನು ತೆಗೆದರು. ಕೋಣೆಯ ಮೌನ ನೋಡಿ, ಎಲ್ಲರೂ ತಮ್ಮ ಅಭಿಪ್ರಾಯಕ್ಕೆ ಕಾಯುತ್ತಿದ್ದಾರೆಂದು ಭಾವಿಸಿ, ಮುಗುಳ್ನಕ್ಕರು. ನಾನು ಬೀರುವಿನ ಪಕ್ಕದಿಂದ ಒಂದು ಹೆಜ್ಜೆ ಮುಂದೆ ಬಂದು ಕೇಳಿದೆ:

"ಹೇಗಿದೆ ಸಾರ್ ಸೌಂಡು?"

"ಮೆತ್ತೆ ಫಸ್ಟ್ ಕ್ಲಾಸ್. ಹೊರಗಿನ ಒಂದು ಸದ್ದೂ ಒಳಗೆ ಬರಲ್ಲ," ಎಂದರು. ಆಮೇಲೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, "ಆದ್ರೆ ಎಡಗಡೆ ಸ್ವಲ್ಪ ಕಡಿಮೆ," ಎಂದರು.

ಅವರು ಹೊರಡುವಾಗ ಅಪ್ಪ ಗೇಟಿನವರೆಗೂ ಹೋಗಿ ಕೈಮುಗಿದರು. ನಾನು ಹೋಗಲಿಲ್ಲ. ನಾನು ಅಷ್ಟರಲ್ಲಿ ಸ್ಕ್ರೂಡ್ರೈವರ್ ತಂದು ನೆಲದ ಮೇಲೆ ಕೂತು ಎಡಗಡೆಯ ಬಟ್ಟಲನ್ನು ಬಿಚ್ಚುತ್ತಿದ್ದೆ. ಅಡುಗೆಮನೆಯಲ್ಲಿ ನಲ್ಲಿ ಬಹಳ ಹೊತ್ತು ಓಡುತ್ತಿತ್ತು. ಬಿಚ್ಚಬೇಕಾದರೆ ಮೆತ್ತೆಯ ಹೊಲಿಗೆ ಕತ್ತರಿಸಬೇಕಿತ್ತು, ಕತ್ತರಿಸಿದೆ. ಬೆಸುಗೆ ಎಲ್ಲೂ ಬಿಟ್ಟಿರಲಿಲ್ಲ. ಬಿಲ್ಲೆಯೂ ನೆಟ್ಟಗಿತ್ತು. ಶಾಮಣ್ಣನವರ ಎಡಗಿವಿಯೇ ಮಂದವಿತ್ತೋ ಏನೋ ಎಂದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಆ ವಾರದಲ್ಲೇ ಜಾತಕ ಕೂಡಲಿಲ್ಲವೆಂದು ಸುದ್ದಿ ಬಂತು. ವಾಪಸು ಹೋಗುವ ಬಸ್ಸಿನಲ್ಲಿ ಹೆಂಡತಿ ಶಾಮಣ್ಣನವರಿಗೆ ನಡೆದದ್ದನ್ನು ಹೇಳದೆ ಬಿಟ್ಟಿರಲಾರರು, ಆದರೂ ಅದೇ ನೆಪ ಬಂತು. ಅಪ್ಪ ಅದನ್ನು ಗಂಭೀರವಾಗಿ ಕೇಳಿಸಿಕೊಂಡು, "ಗ್ರಹಗತಿ, ಏನು ಮಾಡೋಕಾಗುತ್ತೆ," ಎಂದರು. ಕತ್ತರಿಸಿದ ಮೆತ್ತೆಯನ್ನು ಮತ್ತೆ ಹೊಲೆದುಕೊಡು ಎಂದು ವತ್ಸಲಾಳನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ನಾನೇ ಹೊಲೆದೆ. ಅಂದಿನಿಂದ ಎಡಗಡೆ ನಿಜವಾಗಿಯೂ ಕಡಿಮೆಯಾಯಿತು.

ವತ್ಸಲಾ ಆಮೇಲೆ ವಸಂತಪುರದ ಕಡೆಯ ಶ್ರೀಕಂಠಯ್ಯನನ್ನು ಮದುವೆಯಾದಳು. ಅವನು ಪ್ರೈಮರಿ ಶಾಲೆಯ ಮೇಷ್ಟ್ರು. ಅವನಿಗೆ ಪಿಸುಮಾತು ಬರುವುದೇ ಇಲ್ಲ. ಹೆಣ್ಣು ನೋಡಲು ಬಂದಾಗ ಎಲ್ಲರೆದುರಿಗೇ "ನಂಗೊಪ್ಪಿಗೆ" ಎಂದು ಕೂಗಿದವನು. ಕಳೆದ ತಿಂಗಳು ಇಬ್ಬರೂ ಮನೆಗೆ ಬಂದಿದ್ದರು. ಬೀರುವಿನಲ್ಲಿ ಏನೋ ಹುಡುಕುತ್ತಾ ಅವಳಿಗೆ ಆ ಹೆಡ್‌ಫೋನು ಸಿಕ್ಕಿತು. ಎಡಗಡೆಯ ಹೊಲಿಗೆಯ ಮೇಲೆ ಬೆರಳಾಡಿಸಿ, "ಅವರು ಅಂದಿದ್ದೆಲ್ಲ ಮರ್ತೋಯ್ತು ಕಣೋ. ನೀನು ಸೌಂಡ್ ಹೇಗಿದೆ ಅಂತ ಕೇಳಿದ್ದು ಮರ್ತಿಲ್ಲ," ಎಂದಳು. ನಾನು ಅದನ್ನು ಪೆಟ್ಟಿಗೆಗೆ ಜೋಡಿಸಿಕೊಟ್ಟೆ. ಅವಳು ಹಾಕಿಕೊಂಡು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಗಂಡನ ಕಡೆ ವಾಲಿ, ಬಾಯಿಗೆ ಕೈ ಅಡ್ಡ ಹಿಡಿದು, ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ಎಡಗಡೆ ಏನೇನೂ ಕೇಳಿಸ್ತಿಲ್ಲ ಕಣ್ರೀ. ಆದ್ರೂ ಚೆನ್ನಾಗಿದೆ ಅಂತ ಹೇಳ್ಬಿಡಿ. ಅವತ್ತಿಂದ ಕಾಯ್ತಾ ಇದಾನೆ, ಪಾಪ."

ಹೆಡ್‌ಫೋನಿನೊಳಗೆ ಇರುವವರ ಧ್ವನಿಯ ವಿಷಯ ಅವಳಿಗೆ ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ. ಶ್ರೀಕಂಠಯ್ಯ, "ಭಾವಾ, ಬಹಳ ಚೆನ್ನಾಗಿದೆ!" ಎಂದು ಅರಚಿದ. ಅವನಿನ್ನೂ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ನನಗೆ ಸಂತೋಷವಾಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಅಂದು ಆ ನಡುಮನೆಯಲ್ಲಿದ್ದವರಲ್ಲಿ ಅಪ್ಪ ಇಲ್ಲ, ಅಮ್ಮ ಇಲ್ಲ. ಶಾಮಣ್ಣನವರೂ ಅವರ ಹೆಂಡತಿಯೂ ತೀರಿಕೊಂಡರೆಂದು ಕೇಳಿದ್ದೇನೆ. ಹುಡುಗನನ್ನು ಒಮ್ಮೆ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಕಂಡೆ. ಅವನು ಹಣ್ಣಿನ ಗಾಡಿಯ ಕಡೆ ತಿರುಗಿಕೊಂಡ, ಬದುಕಿದ್ದರೂ ಸಾಕ್ಷಿ ಹೇಳುವವನಲ್ಲ. ಉಳಿದವಳು ವತ್ಸಲಾ. ವಸಂತಪುರದಲ್ಲಿದ್ದಾಳೆ, ಆರೋಗ್ಯವಾಗಿದ್ದಾಳೆ, ಅನುಮಾನವಿದ್ದವರು ಹೋಗಿ ಅವಳನ್ನು ಕೇಳಬಹುದು. ನನ್ನನ್ನು ಕೇಳುವುದಾದರೆ ಬಲಗಡೆ ನಿಂತು ಕೇಳಿ. ಈಚೆಗೆ ನನಗೂ ಎಡಗಡೆ ಸ್ವಲ್ಪ ಕಡಿಮೆ.